ನನ್ನ ಜಿಮ್ಮಾದ ರಾಜಗಿಳಿಗಳು

ಹುಮನಾಬಾದಿನ ದನದ ದವಾಖಾನೆಯಲ್ಲಿ ನಾನು ಡಾಕ್ಟರಾಗಿದ್ದಾಗ ನನ್ನ ಮೇಜಿನ ಮೇಲೆ ಏನೇನೋ ಬಂದು ಕೂತಿವೆ. ಹಾವು ಕಡಿದ ಮೇಕೆ ಬಂದಿದೆ, ಸೀರೆಯ ಸೆರಗು ನುಂಗಿದ ಎಮ್ಮೆಕರು ಬಂದಿದೆ. ಬದನೆಕಾಯಿ ಬುಟ್ಟಿ ಬಂದದ್ದು ಮಾತ್ರ ಒಂದೇ ಸಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ಶಿವರಾತ್ರಿಗೆ ಇನ್ನೂ ಕೆಲವು ದಿನ ಉಳಿದಿದ್ದವು. ಬುಟ್ಟಿ ಹೊತ್ತು ತಂದವನು ಅರಣ್ಯ ಇಲಾಖೆಯ ಗಾರ್ಡು.

"ಹೈದರಾಬಾದ್ ಬಸ್ಸಿನಾಗ ಸಿಕ್ತ್ರಿ. ಬಸ್ ಸ್ಟ್ಯಾಂಡಿನಾಗ ಚಾ ಕುಡಿಯಾಕತ್ತಿದ್ದೆ. ಡ್ರೈವರ್ ಇಂಜಿನ್ ಬಂದ್ ಮಾಡಿದ ಕೂಡ್ಲೇ ಬದನಿಕಾಯಿ ಚೀರಾಕ ಶುರು ಮಾಡಿದ್ವು," ಅಂದ.

ಮೇಲಿನ ಬದನೆಕಾಯಿ ತೆಗೆದೆ. ಕೆಳಗೆ ಒದ್ದೆ ಗೋಣಿ. ಗೋಣಿಯ ಕೆಳಗೆ ಒಂದರ ಮೇಲೊಂದು ಬಿದ್ದಿದ್ದ ಹನ್ನೊಂದು ಗಿಳಿಮರಿಗಳು. ಅರ್ಧ ಮೈ ಬೆತ್ತಲೆ, ಅರ್ಧ ಮೈಯಲ್ಲಿ ಇನ್ನೂ ಬಿಚ್ಚದ ಗರಿಯ ಕಡ್ಡಿಗಳು. ಭುಜದ ಕೆಂಪು ಪಟ್ಟಿ ಮೂಡುವ ವಯಸ್ಸಲ್ಲ. ಆದರೆ ಆ ತಲೆ, ಆ ದಪ್ಪ ಕೊಕ್ಕು ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಜೋಳದ ತೆನೆಗೆ ಮುತ್ತುವ ಸಣ್ಣ ಗಿಳಿ ಇದಲ್ಲ, ರಾಜಗಿಳಿ. ನಮ್ಮ ಕಡೆಯವರು ಪಹಾಡಿ ಗಿಣಿ ಅನ್ನುತ್ತಾರೆ.

ನನ್ನದು ಹುಲಸೂರ. ಚಿಕ್ಕವನಿದ್ದಾಗ ಬಸವಕಲ್ಯಾಣಕ್ಕೆ ಹೋದರೆ ಕೋಟೆಯ ಹುಣಸೆಮರಗಳಲ್ಲಿ ಈ ಹಕ್ಕಿಗಳ ಗದ್ದಲಕ್ಕೆ ಅಪ್ಪನ ಮಾತು ಕೇಳುತ್ತಿರಲಿಲ್ಲ. ನೌಕರಿಗೆ ಬಂದ ಮೇಲೆ ಸುತ್ತಲಿನ ತಾಲ್ಲೂಕುಗಳನ್ನೆಲ್ಲ ಸೈಕಲ್ಲಿನಲ್ಲೂ ಜೀಪಿನಲ್ಲೂ ತಿರುಗಿದ್ದೇನೆ. ಆ ಕೋಟೆ ಬಿಟ್ಟು ಬೇರೆಲ್ಲೂ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಕೋಟೆಯಲ್ಲೂ ಐದು ಜೋಡಿ ಉಳಿದಿದ್ದರೆ ಹೆಚ್ಚು ಎಂದು ಗಾರ್ಡು ಹೇಳಿದ. ಅಂದರೆ ಆ ವರ್ಷ ಹುಟ್ಟಿದ ಸಂತಾನ ಹೆಚ್ಚುಕಡಿಮೆ ಪೂರ್ತಿಯಾಗಿ ನನ್ನ ಮೇಜಿನ ಮೇಲಿನ ಬುಟ್ಟಿಯಲ್ಲಿತ್ತು.

ಮರಿಗಳನ್ನು ಕೋಟೆಯಿಂದ ಕದ್ದು ಸಾಗಿಸುತ್ತಿದ್ದವನ ಮೇಲೆ ಕೇಸಾಯಿತು, ಅವನಿಗೆ ಜಾಮೀನೂ ಆಯಿತು. ಮರಿಗಳು ಮುದ್ದೇಮಾಲು, ಅಂದರೆ ಕೇಸಿನ ಸಾಕ್ಷಿಯ ವಸ್ತು. ಒಂದು ತಿಂಗಳಾಚೆಯ ತಾರೀಖಿಗೆ ಅವುಗಳನ್ನು ಕೋರ್ಟಿಗೆ ತೋರಿಸಬೇಕು. ಅಲ್ಲಿಯವರೆಗೆ ಇಟ್ಟುಕೊಳ್ಳಲು ಯಾರ ಹತ್ತಿರವೂ ಜಾಗವಿಲ್ಲ. ನಾನು ಎದೆಯುಬ್ಬಿಸಿ, "ನನಗೆ ಕೊಡ್ರಿ" ಅಂದೆ. ಹೊಣೆ ಹೊತ್ತು ಜಿಮ್ಮಾನಾಮೆ ಬರೆದುಕೊಟ್ಟೆ: 'ಈ ಕೆಳಗೆ ಸಹಿ ಮಾಡಿದ ನಾನು ಹನ್ನೊಂದು ಗಿಳಿಮರಿಗಳನ್ನು ನನ್ನ ಜಿಮ್ಮಾಕ್ಕೆ ಪಡೆದಿದ್ದು, ಕೇಳಿದಾಗ ಹಾಜರುಪಡಿಸುತ್ತೇನೆ.' ಎಮ್ಮೆಗಳನ್ನೇ ಬದುಕಿಸಿದವನು, ಗುಬ್ಬಿಯಷ್ಟು ಜೀವಗಳನ್ನು ಸಾಕಲಾರೆನೇ ಎಂಬ ಧಿಮಾಕು ನನಗಿತ್ತು.

ಧಿಮಾಕು ಇಳಿಯಲು ಎರಡು ದಿನ ಸಾಕಾಯಿತು.

ನಮ್ಮ ಮನೆಯಲ್ಲಿ ಅವ್ವ ಒಂದು ಗಿಳಿ ಸಾಕಿದ್ದಳು. ಅದಕ್ಕೆ ನೆನೆಸಿದ ಕಡಲೆಬೇಳೆ, ಹಸಿಮೆಣಸಿನಕಾಯಿ. ನಮ್ಮ ಸೀಮೆಯಲ್ಲಿ ಗಿಳಿ ಅಂದರೆ ಕಡಲೆಬೇಳೆ. ಇನ್ನೊಂದು ಯೋಚನೆಯೇ ಯಾರಿಗೂ ಬರುವುದಿಲ್ಲ. ನನಗೂ ಬರಲಿಲ್ಲ. ಬೇಳೆ ನೆನೆಸಿ, ನುಣ್ಣಗೆ ರುಬ್ಬಿಸಿದೆ. ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವ ಕೈ ನನ್ನದು: ಬಾಯಿ ಅಗಲಿಸು, ಹಾಕು, ತಲೆ ಎತ್ತು, ಮುಗಿಯಿತು. ಸಿರಿಂಜಿನಲ್ಲಿ ಬೇಳೆ ತುಂಬಿ, ಬೆಳಿಗ್ಗೆ ಮಧ್ಯಾಹ್ನ ಸಂಜೆ, ಗಡಿಯಾರ ನೋಡಿ ಒಂದೊಂದಕ್ಕೂ ಹೊಟ್ಟೆ ತುಂಬ ಕುಡಿಸಿದೆ. ಕೊರಳ ಕೆಳಗಿನ ಚೀಲ ಲಿಂಬೆಹಣ್ಣಿನಂತೆ ಉಬ್ಬಿತು. ಸುಖವಾಗಿ ಮಲಗಿದವು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಎರಡು ಸತ್ತಿದ್ದವು. ಉಳಿದವುಗಳ ಚೀಲ ಮುಟ್ಟಿದರೆ ಗಟ್ಟಿ, ತಣ್ಣಗೆ. ಬಾಯಿಂದ ಹುಳಿ ವಾಸನೆ. ನಾನು ಮಾಡಿದ್ದೇನು ಗೊತ್ತೇ? ನಿಶ್ಶಕ್ತಿ ಎಂದು ತಿಳಿದು ಇನ್ನೊಂದಿಷ್ಟು ಬೇಳೆ ಹಾಕಿದೆ. ಅದರ ಮರುದಿನ ಮತ್ತೆ ಮೂರು. ಅಟೆಂಡರನ ಮೇಲೆ ಕೂಗಾಡಿದೆ, ಕಿಟಕಿ ಯಾಕೆ ತೆಗೆದಿಟ್ಟೆ, ಪಾತ್ರೆ ಯಾಕೆ ತೊಳೆದಿಲ್ಲ ಎಂದು. ಅವನು ಪಾಪ ಸುಮ್ಮನೆ ನಿಂತು ಬೈಸಿಕೊಂಡ. ಆಮೇಲೆ ಬಾಗಿಲು ಹಾಕಿಕೊಂಡು ಸತ್ತ ಮರಿಗಳನ್ನು ಕೊಯ್ದು ನೋಡಿದೆ. ಐದರಲ್ಲೂ ಚೀಲದ ತುಂಬ ನಾನು ಹಾಕಿದ ಬೇಳೆ ಹುದುಗೆದ್ದು ಕೂತಿತ್ತು. ಕೆಳಕ್ಕೆ ಒಂದು ಕಾಳಿನಷ್ಟೂ ಇಳಿದಿರಲಿಲ್ಲ. ಮರಣೋತ್ತರ ವರದಿಯಲ್ಲಿ 'ಆಹಾರ ಪಚನವಾಗದೆ' ಎಂದು ಬರೆದೆ. ಯಾರು ಹಾಕಿದ ಆಹಾರ ಎಂದು ಬರೆಯುವ ಕಾಲಂ ಆ ಫಾರಮಿನಲ್ಲಿ ಇರಲಿಲ್ಲ.

ಆರು ಉಳಿದವು. ನನ್ನ ಪುಸ್ತಕಗಳಲ್ಲಿ ಕೋಳಿಯವರೆಗೆ ಇತ್ತು, ಗಿಳಿ ಇರಲಿಲ್ಲ. ಯೋಚಿಸಿ ಯೋಚಿಸಿ ಒಬ್ಬನೇ ಮನುಷ್ಯ ನೆನಪಾದ. ಗಾರ್ಡಿಗೆ ಹೇಳಿದಾಗ ಅವನು ನನ್ನ ಮುಖವನ್ನೇ ನೋಡಿದ.

"ಕಳ್ಳನ ಹಂತೇಕ ಇಲಾಜ್ ಕೇಳಾಕ ಹೊಂಟೀರೇನ್ರಿ?"

"ಅವನ ಬುಟ್ಟಿಯೊಳಗ ಹನ್ನೊಂದು ಬದುಕಿದ್ವಲ್ಲೋ," ಅಂದೆ.

ಒಂದು ಗಡಿಗೆಯಲ್ಲಿ ಜೋಳದ ಹೊಟ್ಟು ಹರಡಿ, ಮರಿಗಳನ್ನು ಇಟ್ಟು, ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಗಾರ್ಡೂ ಜೊತೆಗೆ ಬಂದ. ಆರೋಪಿಯ ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ವರ್ಷವೆಲ್ಲ ಬಾವಿ ತೋಡುವ ಕೆಲಸ, ಕೆಲಸವಿಲ್ಲದಾಗ ಹೊಲದ ಕೂಲಿ. ಬಾವಿಗೆ ಇಳಿಯುವ ಹಗ್ಗದಲ್ಲೇ ಚಳಿಗಾಲದ ಕೊನೆಗೆ ಕೋಟೆಯ ಗೋಡೆಯನ್ನೂ ಇಳಿಯುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಮತ್ತೆ ಕರೆದೊಯ್ಯಲು ಬಂದಿದ್ದಾರೆ ಅಂದುಕೊಂಡಿರಬೇಕು. ನಾನು ಕೇಳಲು ಹೋದದ್ದು ಸಹಾಯ, ಬಾಯಲ್ಲಿ ಬಂದದ್ದು ಬೈಗುಳ.

"ನಿನ್ನ ಸಲುವಾಗಿ ಐದು ಜೀವ ಹೋದ್ವು ನೋಡು!"

ಅವನು ತಲೆ ತಗ್ಗಿಸಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ತಗ್ಗಿಸಲಿಲ್ಲ.

"ಹಿಡದಾಂವ ಇಂವ, ಖರೆ ಐತ್ರಿ. ಕೊಂದಾಂವ ಯಾರ್ರಿ? ಏನ್ ಹಾಕಿದ್ರಿ ಅವಕ್ಕ?"

"ಕಡ್ಲಿಬ್ಯಾಳಿ," ಅಂದೆ.

"ಅಯ್ಯ ಶಿವನ! ಎಳೀ ಕೂಸಿಗಿ ಯಾರರ ಕಡ್ಲಿಬ್ಯಾಳಿ ತಿನಸ್ತಾರೇನ್ರಿ ಡಾಕ್ಟರ್ ಸಾಬ್?"

ಗಾರ್ಡು ಗೋಡೆಯ ಕಡೆ ತಿರುಗಿ ಕೆಮ್ಮಿದ. ನನಗೆ ಸಿಟ್ಟು ಬರಲಿಲ್ಲ. ಬರಬೇಕಾದ ಜಾಗದಲ್ಲಿ ನಾಚಿಕೆ ಬಂದು ಕೂತಿತ್ತು. ಆಕೆ ಕೈ ತೊಳೆದುಕೊಂಡು ಬಂದು ಗಡಿಗೆಯ ಬಟ್ಟೆ ಬಿಚ್ಚಿದಳು. ಒಂದೊಂದೇ ಮರಿಯನ್ನು ಎತ್ತಿ ಕೊರಳ ಚೀಲವನ್ನು ಹೆಬ್ಬೆರಳಿನಿಂದ ಮುಟ್ಟಿದಳು.

"ಈ ಚೀಲ ಪೂರಾ ಖಾಲಿ ಆಗೂತನಕ ಒಂದ್ ಹನಿ ಹಾಕಬ್ಯಾಡ್ರಿ. ನಿಮ್ಮ ಗಡಿಯಾರಕ್ಕ ಏನ್ ಗೊತ್ತು ಅದರ ಹಸಿವು? ಮತ್ತ ತಣ್ಣಗಿದ್ದದ್ದು ಹಾಕಬ್ಯಾಡ್ರಿ. ತಾಯಿ ಹೊಟ್ಟ್ಯಾಗಿಂದ ಬರೂದು ಬೆಚ್ಚಗಿರ್ತದ."

ಆ ಮಧ್ಯಾಹ್ನ ಆ ಒಲೆಯ ಮುಂದೆ ಕೂತು ನಾನು ಕಲಿತೆ. ಹುರಿದ ಹೆಸರುಬೇಳೆಯ ಹಿಟ್ಟು ಒಂದು ಪಾಲು, ಜೋಳದ ಹಿಟ್ಟು ಒಂದು ಪಾಲು, ತೆಳ್ಳಗೆ ಗಂಜಿ. ಅದಕ್ಕೆ ಕುಸುಬಿ ಹಾಲು. ಕುಸುಬೆ ಬೀಜ ಕುಟ್ಟಿ, ನೀರು ಬೆರೆಸಿ ಹಿಂಡಿ ತೆಗೆದ ಈ ಹಾಲಿನಲ್ಲಿ ನಮ್ಮ ಕಡೆ ಹುಗ್ಗಿ ಮಾಡುತ್ತಾರೆ. ಗಿಳಿಗಳು ಕುಸುಬೆ ಹೊಲಕ್ಕೆ ಬೀಳುತ್ತವೆಂದು ಕವಣೆ ಬೀಸುವ ಸೀಮೆ ನಮ್ಮದು. ಅವುಗಳ ಮರಿಗೆ ಅದೇ ಬೇಕು ಎಂದು ನನಗೆ ಹೊಳೆದಿರಲಿಲ್ಲ. ಚಮಚದ ಎರಡೂ ಅಂಚನ್ನು ಕಲ್ಲಿನಿಂದ ತಟ್ಟಿ ಒಳಕ್ಕೆ ಬಾಗಿಸಿ ಕೊಕ್ಕಿನ ಆಕಾರ ಮಾಡಿಕೊಟ್ಟಳು. ಗಂಜಿಯನ್ನು ಮೊದಲು ಮೇಲ್ದುಟಿಗೆ ತಾಗಿಸಿ ನೋಡುವುದು. ಸುಡಬಾರದು, ತಂಪೂ ಅನ್ನಿಸಬಾರದು. ಮರಿ ತಾನಾಗಿ ತಲೆ ಜಗ್ಗಿ ಜಗ್ಗಿ ಕುಡಿದರೆ ಕೊಡುವುದು, ಇಲ್ಲವಾದರೆ ಬಿಡುವುದು. ಹುಳಿಯಾದ ಚೀಲಕ್ಕೆ ಬರೀ ಬೆಚ್ಚನೆಯ ಜೀರಿಗೆ ನೀರು, ಮೆಲ್ಲಗೆ ಬೆರಳಿನ ಉಜ್ಜು.

ಅಷ್ಟು ಹೊತ್ತಿಗೆ ಆ ಬಾವಿ ಕೆಲಸದವನಿಗೆ ಧೈರ್ಯ ಬಂದಿತ್ತು. ತಾನಾಗಿಯೇ ಹೇಳಿದ.

"ನಮ್ಮಪ್ಪನ ಒಂದು ರಿವಾಜು ಇತ್ತ್ರಿ. ಗೋಡಿ ತೂತಿನಾಗ ಎಷ್ಟ ಮರಿ ಇದ್ರೂ ಒಂದು ಒಳಗ ಬಿಡಬೇಕು. ಬೀಜಕ್ಕ. ಪೂರಾ ಖಾಲಿ ಮಾಡಿದ್ರ ಜೋಡಿ ತೂತು ಬಿಟ್ಟು ಹೋಗ್ತದ, ಮುಂದಿನ ವರ್ಷ ಬರಂಗಿಲ್ಲ."

"ಈ ಸಲ ಬಿಟ್ಟೀ?"

ಅವನು ಹೆಂಡತಿಯ ಕಡೆ ನೋಡಿದ. "ಮೂರು ತೂತಿನಾಗ ಒಂದೊಂದು ಬಿಟ್ಟೀನ್ರಿ. ಇನ್ನೆರಡು ತೂತು..." ಅಂದು ನಿಲ್ಲಿಸಿದ. ಹೈದರಾಬಾದಿನ ವ್ಯಾಪಾರಿ ಹೆಚ್ಚು ಮರಿ ಬೇಕೆಂದು ಕೂತಿದ್ದನಂತೆ. ಎರಡು ಗೂಡು ಖಾಲಿಯಾಗಿದ್ದವು. ಆ ಎರಡು ಜೋಡಿ ಆಗಲೇ ಹೊರಟುಹೋಗಿದ್ದವು. "ಅಪ್ಪ ಇದ್ದಿದ್ರ ಕೆನ್ನಿಗಿ ಹೊಡೀತಿದ್ದ," ಅಂದ.

ಬಸ್ಸಿನಲ್ಲಿ ವಾಪಸು ಬರುವಾಗ, ಗಡಿಗೆಯ ಬಿಸಿ ತೊಡೆಗೆ ತಾಗುತ್ತಿದ್ದಾಗ, ಆ ಮಾತು ನನ್ನ ತಲೆಯಲ್ಲಿ ತಿರುಗತೊಡಗಿತು. ಮೂರು ತೂತಿನಲ್ಲಿ ಒಂದೊಂದು ಮರಿ ಇದೆ. ಅಂದರೆ ಮೂರು ಜೊತೆ ತಂದೆತಾಯಿ ಇನ್ನೂ ದಿನವೂ ಗುಟುಕು ತಂದು ಹಾಕುತ್ತಿವೆ. ನನ್ನ ಹತ್ತಿರ ಆರು ಇವೆ. ತೂತಿಗೆ ಎರಡರಂತೆ ಸೇರಿಸಿದರೆ ಮೂರು ಮೂರು ಮರಿ, ಒಂದು ಸಂಸಾರದ ಸರಿಯಾದ ಲೆಕ್ಕ. ಕೋರ್ಟಿನ ತಾರೀಖಿನವರೆಗೆ ನನ್ನ ಕೈಯಲ್ಲೇ ಬೆಳೆದರೆ ಅವು ಮನುಷ್ಯನ ಬೆರಳು ನೋಡಿ ಬಾಯಿ ತೆರೆಯುವ ಗಿಳಿಗಳಾಗುತ್ತವೆ. ಬದುಕಿದರೂ ಪಂಜರಕ್ಕೇ. ಹಾಗಾದರೆ ವ್ಯಾಪಾರಿಗೂ ನನಗೂ ಏನು ಫರಕು?

ಮುಂದಿನ ಹತ್ತು ದಿನ ನಾನು ದನದ ಡಾಕ್ಟರಲ್ಲ, ಬಾಣಂತಿಮನೆಯ ಮುದುಕಿ. ಸಲೈನಿನ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಗೋಣಿ ಸುತ್ತಿ ಗಡಿಗೆಯ ಸುತ್ತ ಇಡುವುದು. ಬೆಳಗಾಗುತ್ತಲೇ ಔಷಧದ ತಕ್ಕಡಿಯಲ್ಲಿ ತೂಗುವುದು. ಚೀಲ ಮುಟ್ಟಿ ನೋಡುವುದು, ಗಂಜಿ ತುಟಿಗೆ ಹಚ್ಚಿಕೊಳ್ಳುವುದು. ಹಳ್ಳಿಖೇಡದಿಂದ ಎತ್ತು ಹೊಡೆದುಕೊಂಡು ಬಂದ ರೈತರು ನನ್ನ ತುಟಿಯ ಮೇಲಿನ ಗಂಜಿ ನೋಡಿ, "ಸಾಹೇಬ್ರ ಊಟ ಆಗಾಕತ್ತದ, ತಡೀರಿ" ಎಂದು ಹೊರಗೆ ಕೂರುತ್ತಿದ್ದರು. ಒಂದೂ ಸಾಯಲಿಲ್ಲ. ಆರನೆಯ ದಿನ ಎಲ್ಲವೂ ತೂಕ ಏರಿದವು. ಆವತ್ತು ಅಟೆಂಡರನ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ, ಎಮ್ಮಿ ಒದ್ದಂಗ ಅನಕೊಂಡಿದ್ದೆ," ಅಂದ.

ಅರ್ಜಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಮುಂದೆ ನಿಂತೆ. ಮೈಸೂರು ಕಡೆಯವರು, ಮಾತು ಕಡಿಮೆ. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಡಾಕ್ಟರೇ, ಮುದ್ದೇಮಾಲನ್ನು ಆರೋಪಿಯ ಕೈಯಿಂದಲೇ, ಅವನು ಕದ್ದ ಜಾಗಕ್ಕೇ ವಾಪಸು ಇಡಿಸುತ್ತೇನೆ ಅಂತೀರಿ. ನನಗೆ ಸರಿಯಾಗಿ ಅರ್ಥವಾಗಿದೆಯಾ?"

"ಹೌದು ಸರ್. ಆ ಗೋಡೆ ಇಳಿಯೋದು ಅವನೊಬ್ಬನಿಗೇ ಗೊತ್ತು."

"ಹಾರಿಹೋದರೆ?"

"ಹಾರಿಹೋಗಲಿ ಅಂತಲೇ ಸರ್."

ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರು. ಕೈತಪ್ಪುತ್ತದೆ ಅನ್ನಿಸಿ ನಾನೇ ಜಾಣತನ ತೋರಿಸಿದೆ: ಪ್ರತಿ ಮರಿಯ ಕಾಲಿಗೂ ದಾರ ಕಟ್ಟಿ, ಅರಗಿನ ಮುದ್ರೆ ಒತ್ತುತ್ತೇನೆ, ಗುರುತು ತಪ್ಪುವುದಿಲ್ಲ ಎಂದೆ. ಸರಕಾರಿ ನೌಕರನಿಗೆ ಅರಗು ಕಂಡರೆ ಒಂದು ನಂಬಿಕೆ. ಅವರು ಬರೆದರು: 'ವೈದ್ಯರು ಮುದ್ದೇಮಾಲನ್ನು ಗುರುತಿನ ಮುದ್ರೆ ಸಹಿತ ತಮ್ಮ ಜಿಮ್ಮಾದಲ್ಲಿ ಸೂಕ್ತವಾದ ಸ್ಥಳದಲ್ಲಿ ಇಡತಕ್ಕದ್ದು.' ಕೋಟೆ ಎಂಬ ಶಬ್ದ ಅದರಲ್ಲಿ ಇರಲಿಲ್ಲ. ಕಾಗದ ನನ್ನ ಕೈಗೆ ಕೊಡುವಾಗ, "ಸೂಕ್ತವಾದ ಸ್ಥಳ ಯಾವುದು ಅಂತ ನಿಮಗೆ ಗೊತ್ತಿರಬೇಕಲ್ಲ," ಎಂದರು.

ಮರುದಿನ ಬೆಳಿಗ್ಗೆ ಕೋಟೆಯ ಬುರುಜಿನ ಮೇಲೆ ನಾವು ಮೂವರು: ನಾನು, ಗಾರ್ಡು, ಬಾವಿ ಕೆಲಸದವ. ಕೆಳಗೆ ಕಂದಕ, ಕಂದಕದಾಚೆ ಹುಣಸೆಮರ. ಬುರುಜಿನ ಮೇಲಿನ ಹಳೆಯ ಫಿರಂಗಿ ತೋಪಿಗೆ ಅವನು ಹಗ್ಗ ಸುತ್ತಿ, ಮೂರು ಸಲ ಜಗ್ಗಿ ನೋಡಿದ. ಮೊದಲು ಒಂದೇ ಮರಿ ಇಟ್ಟು ನೋಡೋಣ ಎಂದಿದ್ದೆ. ಕಾಲಿಗೆ ಕೆಂಪು ದಾರ, ದಾರದ ತುದಿಗೆ ಕಡಲೆಕಾಳಿನಷ್ಟು ಕೆಂಪು ಅರಗು. ಅಂಗಿಯೊಳಗೆ ಹಾಕಿಕೊಂಡು ಇಳಿದ. ಮೊದಲ ತೂತಿನಲ್ಲಿಟ್ಟು, ಗೋಡೆಯ ಒಂದು ಅಂಚಿನ ಮೇಲೆ ಪಕ್ಕಕ್ಕೆ ಸರಿದು ನಿಂತ. ನಾವಿಬ್ಬರೂ ತೂತು ಕಾಣುವಂತೆ ಪಕ್ಕದ ಬುರುಜಿಗೆ ಹೋಗಿ ಕೂತೆವು. ಗಾರ್ಡಿನ ಸಾಹೇಬರ ದುರ್ಬೀನು ನನ್ನ ಕೈಯಲ್ಲಿ.

ಎರಡು ತಾಸು ಏನೂ ಇಲ್ಲ. ಆಮೇಲೆ ತಾಯಿ ಬಂತು. ತೂತಿನ ಬಾಯಲ್ಲಿ ಕೂತು ತಲೆ ಓರೆ ಮಾಡಿ ಒಳಗೆ ನೋಡಿತು. ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದೆ ಹಿಂದೆ ಸರಿಯುತ್ತ ಹೊರಗೆ ಬಂತು, ಕೊಕ್ಕಿನಲ್ಲಿ ನನ್ನ ಅರಗಿನ ಮುದ್ರೆ. ಅದರ ಹಿಂದೆ ದಾರ, ದಾರದ ಹಿಂದೆ ತಲೆಕೆಳಗಾಗಿ ಎಳೆದುಕೊಂಡು ಬರುತ್ತಿದ್ದ ಮರಿ. ಕೆಂಪು ಕಾಳು ಗೂಡಿನೊಳಗೆ ಯಾಕಿದೆ ಎಂದು ಹೊರಗೆ ಎಸೆಯಲು ಹೊರಟಿತ್ತು. ಮರಿ ಅಂಚಿಗೆ ಬಂತು. ಬಾವಿ ಕೆಲಸದವ ಅಂಚು ಬಿಟ್ಟು ಹಗ್ಗದಲ್ಲಿ ತೂಗಿ ಬಂದು, ಬೀಳುತ್ತಿದ್ದ ಮರಿಗೆ ಕೈಯೊಡ್ಡಿದ. ಸಿಕ್ಕಿತು.

ಅವನು ಮೇಲೆ ತರುವಷ್ಟರಲ್ಲಿ ನಾವೂ ಓಡಿ ಬಂದೆವು; ಮರಿಯ ಕಾಲು ಬಾತಿತ್ತು, ಒಂದು ಬೆರಳು ಹಿಂದಕ್ಕೆ ಮಡಚಿಕೊಂಡಿತ್ತು. ಐದನ್ನು ಬೇಳೆಯಲ್ಲಿ ಕೊಂದೆ, ಆರನೆಯದನ್ನು ಅರಗಿನಲ್ಲಿ ಕೊಲ್ಲುತ್ತಿದ್ದೆ ಅನ್ನಿಸಿ ಅಲ್ಲೇ ತೋಪಿನ ಪಕ್ಕ ಕೂತುಬಿಟ್ಟೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಚೀಲದಿಂದ ಕತ್ತರಿ ತೆಗೆದೆ.

ಗಾರ್ಡು ನನ್ನ ಕೈ ಹಿಡಿದ. "ಸಾಬ್, ಜರಾ ವಿಚಾರ ಮಾಡ್ರಿ. ಮುದ್ರಿ ಕತ್ತರಿಸಿದ್ರ ಕೇಸ್ ಕತ್ತರಿಸಿದಂಗ. ನಾಳೆ ಈ ಮನಷ್ಯಾ ಕೋರ್ಟಿನಾಗ 'ಯಾವ ಮರಿ? ನನಗ ಗೊತ್ತಿಲ್ಲ' ಅಂದ್ರ ಏನ್ ತೋರಸ್ತೀರಿ? ಮಾಲೂ ಇಲ್ಲ, ಮುದ್ರಿನೂ ಇಲ್ಲ. ಮಾಲು ಕಳದಾಂವ ನೀವಾಗ್ತೀರಿ. ನೌಕರಿ ಹೋಗ್ತದ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಾವಿ ಕೆಲಸದವ ಎದುರಿಗೇ ನಿಂತಿದ್ದ, ಎಲ್ಲ ಕೇಳುತ್ತಿದ್ದ. ಅವನ ಮುಖ ನೋಡಿದೆ. ಅವನು ಮರಿಯ ಕಾಲು ನೋಡುತ್ತಿದ್ದ. ನನಗೆ ಅವನ ಮೇಲೆ ವಿಶ್ವಾಸ ಬಂದು ಕತ್ತರಿಸಿದೆ ಎಂದರೆ ಸುಳ್ಳಾಗುತ್ತದೆ. ಅರಗು ಇದ್ದರೆ ಮರಿ ಇರುವುದಿಲ್ಲ, ಮರಿ ಇರಬೇಕಾದರೆ ಅರಗು ಇರಬಾರದು. ಅಷ್ಟೇ ಹೊಳೆದದ್ದು. ಆರೂ ಮುದ್ರೆ ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಆವತ್ತು ಸಂಜೆಯೊಳಗೆ ಇನ್ನೊಂದು ಮರಿ ಮೊದಲ ತೂತಿಗೆ ಹೋಯಿತು. ತಾಯಿ ಬಂತು, ನೋಡಿತು, ಒಳಗೆ ಹೋಗಿ ಹೊರಗೆ ಬಂದು ಹಾರಿತು. ಅವನು ಇಳಿದು ಹೋಗಿ ಮರಿಯ ಚೀಲ ಮುಟ್ಟಿ ಮೇಲಕ್ಕೆ ಕೂಗಿದ: "ತುಂಬೇದರಿ! ಬೆಚ್ಚಗ ಅದರಿ!" ಗೋಡೆಯ ಕೆಳಗಿನಿಂದ ಬಂದ ಆ ಕೂಗಿನಷ್ಟು ಸುಖದ ಮಾತು ನನ್ನ ನೌಕರಿಯಲ್ಲಿ ಕಡಿಮೆ ಕೇಳಿದ್ದೇನೆ. ಉಳಿದ ನಾಲ್ಕನ್ನು ಮುಂದಿನ ಎರಡು ದಿನಗಳಲ್ಲಿ, ಗಾತ್ರ ಹೊಂದಿಸಿ, ಒಂದೊಂದೇ ಇಟ್ಟೆವು. ಎರಡನೆಯ ತೂತಿನ ಜೋಡಿ ನನ್ನ ಬಿಳಿ ಅಂಗಿ ಕಂಡರೆ ಇಳಿಯುತ್ತಿರಲಿಲ್ಲ; ಗಾರ್ಡಿನ ಖಾಕಿ ಕೋಟು ಹಾಕಿಕೊಂಡು ಬಿಸಿಲಲ್ಲಿ ಬೆಂದೆ. ಕಾಲು ಬಾತ ಮರಿ ಮಾತ್ರ ಒಂದು ವಾರ ಬಾವಿ ಕೆಲಸದವನ ಮನೆಯ ಒಲೆಯ ಪಕ್ಕದಲ್ಲಿ ಇತ್ತು. ಮಡಚಿದ ಬೆರಳಿಗೆ ನಾನು ಬೆಂಕಿಕಡ್ಡಿಯ ತುಂಡು ಕಟ್ಟಿದೆ, ಗಂಜಿ ಅವನ ಹೆಂಡತಿ ಹಾಕಿದಳು. ಬೆರಳು ಪೂರ್ತಿ ನೆಟ್ಟಗಾಗಲಿಲ್ಲ. ಅದನ್ನು ಕೊನೆಗೆ ಮೂರನೆಯ ತೂತಿನಲ್ಲಿಟ್ಟೆವು. ಆಕೆ ಅದಕ್ಕೆ ಕುಂಟ್ಯಾ ಎಂದು ಹೆಸರಿಟ್ಟಿದ್ದಳು.

ಕೋರ್ಟಿನ ತಾರೀಖು ಬರುವ ಹೊತ್ತಿಗೆ ಸೇರಿಸಿದ ಆರರಲ್ಲಿ ಐದು ಹಾರಿದ್ದವು. ಆ ದಿನ ನಾನು ಐದು ಮರಣೋತ್ತರ ವರದಿ, ಆರು ಅರಗಿನ ಮುದ್ರೆ, ಒಂದು ಖಾಲಿ ಬುಟ್ಟಿ ಹಿಡಿದು ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೆ. ಆರೋಪಿಯ ವಕೀಲರು ಬುಟ್ಟಿಯೊಳಗೆ ಬಗ್ಗಿ ನೋಡಿ ಅವನ ಕಿವಿಯಲ್ಲಿ ಏನೋ ಹೇಳಿದರು. ಹೇಳುವ ಮಾತು ಯಾವುದೆಂದು ನನಗೂ ಗೊತ್ತಿತ್ತು.

ಕೇಸು ಕೂಗಿದರು. ಮ್ಯಾಜಿಸ್ಟ್ರೇಟರು ಕೇಳಿದರು: "ಆಪಾದನೆ ಒಪ್ಪುತ್ತೀಯಾ?"

ಬಾವಿ ಕೆಲಸದವ ಕೈ ಮುಗಿದ. "ಹುಜೂರ್, ವಕೀಲ್ ಸಾಬ್ರು ಇಲ್ಲ ಅನ್ನು ಅಂತಾರ್ರಿ. ನಾ ಇಲ್ಲ ಅಂದ್ರ ಡಾಕ್ಟರ್ ಸಾಬ್ರು ಸಿಕ್ಕಿ ಬೀಳ್ತಾರ. ಹನ್ನೊಂದು ಮರಿ ನಾನ ತಗದೀನ್ರಿ. ಐದು ಸತ್ವು. ಆರು ನಾನ ತಿರುಗಿ ಇಟ್ಟೀನಿ. ಐದು ಹಾರ್ಯಾವ. ಕುಂಟ್ಯಾ ಒಂದು ಇನ್ನಾ ಗೋಡಿಯಾಗ ಅದ."

ವಕೀಲರು ಕಾಗದ ಮಡಚಿ ಕೂತರು. ನಾನು ಎದ್ದು, ಕೇಳದಿದ್ದರೂ, ಮುದ್ರೆ ಕತ್ತರಿಸಿದವನು ನಾನು, ಬೇಳೆ ಹಾಕಿ ಕೊಂದವನೂ ನಾನೇ ಎಂದುಬಿಟ್ಟೆ. ಮ್ಯಾಜಿಸ್ಟ್ರೇಟರು ಕೈಸನ್ನೆಯಿಂದ ನನ್ನನ್ನು ಕೂರಿಸಿದರು.

"ಮುಂದಿನ ವರ್ಷ ಏನು ಮಾಡುತ್ತೀಯ?" ಎಂದು ಅವನನ್ನು ಕೇಳಿದರು.

"ಎಲ್ಲಾ ಬೀಜಕ್ಕ ಬಿಡ್ತೀನ್ರಿ."

ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕು, ಅದೇ ಶಿಕ್ಷೆ. ಅವನು ಮೂಲೆಯಲ್ಲಿ ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತ. ನಾನು ಹಳ್ಳಿಖೇಡಕ್ಕೆ ಹೋಗಿ ಒಂದು ಎಮ್ಮೆಯ ಕಷ್ಟದ ಹೆರಿಗೆ ಮುಗಿಸಿ ಸಂಜೆಗೆ ಬಂದೆ. ಇನ್ನೂ ಕೂತಿದ್ದ. ಕೋರ್ಟು ಎದ್ದಿತು, ಎಲ್ಲರೂ ಎದ್ದರು. ಅವನು ಎಲ್ಲರಿಗಿಂತ ಕೊನೆಗೆ ಎದ್ದು, ಜೋಮು ಹಿಡಿದ ಕಾಲು ಝಾಡಿಸುತ್ತ ನನ್ನ ಹತ್ತಿರ ಬಂದ.

"ಡಾಕ್ಟರ್ ಸಾಬ್, ನಾಳೆ ಮುಂಜಾನೆ ಕುಂಟ್ಯಾ ಹೊರಗ ಬೀಳ್ತದ ಅನಸ್ತದ. ತಾಯಿ ನಿನ್ನಿಯಿಂದ ಗುಟುಕು ಕೊಡಾಕ ಒಲ್ಲದು. ಬರ್ತೀರೇನ್ರಿ?"

ಹೋದೆ. ಬಿಸಿಲು ಇನ್ನೂ ಗೋಡೆಗೆ ಬಿದ್ದಿರಲಿಲ್ಲ. ಕಂದಕದ ಈಚೆ ಅವನು, ಅವನ ಹೆಂಡತಿ, ಗಾರ್ಡು, ನಾನು. ತಾಯಿ ಹುಣಸೆಮರದಲ್ಲಿ ಕೂತು ಕರೆಯುತ್ತಿತ್ತು. ಕುಂಟ್ಯಾ ತೂತಿನ ಬಾಯಲ್ಲಿ ಸೊಟ್ಟ ಬೆರಳಿನ ಕಾಲೂರಿ ಕಿರಿಚುತ್ತಿತ್ತು, ಒಳಗೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಿಸಿಲೇರಿತು. ಇನ್ನು ಆಗುವುದಿಲ್ಲ, ಬಾವಿ ಕೆಲಸದವನನ್ನು ಇಳಿಸಿ ಮರಿಯನ್ನು ತಂದುಬಿಡೋಣ ಎಂದು ನಾನು ಬಾಯಿ ತೆರೆದಾಗ ಆಕೆ, "ಸುಮ್ನಿರ್ರಿ ಸಾಬ್," ಅಂದಳು. ಅಷ್ಟರಲ್ಲಿ ಅದು ಗೋಡೆ ಬಿಟ್ಟಿತು. ಹಾರಿತು ಅನ್ನುವುದಕ್ಕಿಂತ ಬಿದ್ದಿತು. ಬೀಳುತ್ತ ಬೀಳುತ್ತ ರೆಕ್ಕೆ ನೆನಪಾಗಿ, ಕಂದಕದ ನಡುವೆ ಮೇಲೆದ್ದು, ಹುಣಸೆಯ ಕೆಳಗಿನ ಕೊಂಬೆಗೆ ಕೊಕ್ಕಿನಿಂದ ಜೋತುಬಿದ್ದಿತು. ಒಂದು ಕಾಲು ಊರಿತು, ಆಮೇಲೆ ಸೊಟ್ಟ ಬೆರಳಿನ ಇನ್ನೊಂದು. ತಾಯಿ ಕೆಳಗಿಳಿದು ಬಂದು ಗುಟುಕು ಕೊಟ್ಟಿತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ತೀರ್ಪಿನ ನಕಲು ಕೆಲವು ದಿನಗಳ ಮೇಲೆ ನನ್ನ ಕೈಗೆ ಬಂತು. ಕೇಸು ಮುಗಿದ ಮೇಲೆ ಮುದ್ದೇಮಾಲನ್ನು ಏನು ಮಾಡಬೇಕೆಂದು ಕೊನೆಯ ಸಾಲಿನಲ್ಲಿ ಬರೆಯುವುದು ರೂಢಿ. ಮ್ಯಾಜಿಸ್ಟ್ರೇಟರು ಬರೆದಿದ್ದರು: 'ಆರು ಗಿಳಿಗಳು ಈಗಿರುವ ಸ್ಥಳದಲ್ಲೇ ಇರತಕ್ಕದ್ದು. ವೈದ್ಯರ ಜಿಮ್ಮಾ ಮುಂದುವರಿಯತಕ್ಕದ್ದು.'

ಆ ಆದೇಶವನ್ನು ಆಮೇಲೆ ಯಾರೂ ರದ್ದು ಮಾಡಲಿಲ್ಲ. ಮರುವರ್ಷ ಶಿವರಾತ್ರಿಗೆ ಮುಂಚೆ ಕೋಟೆಗೆ ಹೋದಾಗ ಬಾವಿ ಕೆಲಸದವ ಆಗಲೇ ಕಂದಕದ ಈಚೆ ಕೂತು ತೂತುಗಳನ್ನು ಕಾಯುತ್ತಿದ್ದ. ಹಗ್ಗ ತಂದಿರಲಿಲ್ಲ. ಖಾಲಿಯಾಗಿದ್ದ ಎರಡರಲ್ಲಿ ಒಂದಕ್ಕೆ ಜೋಡಿ ಬಂದಿತ್ತು. ವರ್ಗವಾಗಿ ಹೋಗುವವರೆಗೆ ಪ್ರತಿವರ್ಷ ಹೋಗಿ ಅವನ ಪಕ್ಕ ಕೂತು ಬಂದಿದ್ದೇನೆ. ಕೇಳಿದಾಗ ಹಾಜರುಪಡಿಸುತ್ತೇನೆ ಎಂದು ಬರೆದುಕೊಟ್ಟವನು ನಾನು. ಯಾರಾದರೂ ಕೇಳಿದರೆ ಕೋಟೆಯ ದಾರಿ ತೋರಿಸುತ್ತೇನೆ, ಬೆಳಿಗ್ಗೆ ಬೇಗ ಹೋಗಿ, ಬಿಳಿ ಅಂಗಿ ಹಾಕಿಕೊಳ್ಳಬೇಡಿ ಎಂದು ಹೇಳಿ ಕಳಿಸುತ್ತೇನೆ.